ಮಿನುಗುವ ಬೆಳಕಿಗೆ ಬರುವ ಫಿಟ್ಸ್: ಹಾಸನ, ಚಿಕ್ಕಮಗಳೂರು ಕಡೆಯವರು ದಿನನಿತ್ಯ ಹೇಗೆ ನಿಭಾಯಿಸುತ್ತಿದ್ದೀರಿ?

ಏಲಕ್ಕಿತೋಟ (ಸಕಲೇಶಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮೊದಲ ವರ್ಷದ ಪಿಯುಸಿ ಓದುತ್ತಿದ್ದಾಳೆ. ಈ ಬಾರಿಯ ಊರಹಬ್ಬದಲ್ಲಿ ರಸಮಂಜರಿ ಕಾರ್ಯಕ್ರಮವಿತ್ತು. ವೇದಿಕೆಯ ದೀಪಗಳು ಹಾಡಿನ ತಾಳಕ್ಕೆ ಪಟಪಟನೆ ಹೊತ್ತಿ ಆರುತ್ತಿದ್ದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದವಳು ಕುರ್ಚಿಯಿಂದ ಕೆಳಗುರುಳಿದಳು, ಕೈಕಾಲು ಸೆಟೆದು ಅದುರತೊಡಗಿದವು. ಅದಕ್ಕೂ ಹಿಂದೆ ಕೆಲವು ತಿಂಗಳಿಂದ, ರಾತ್ರಿ ತಡವಾಗಿ ಮಲಗಿದ ಮರುದಿನ ಬೆಳಿಗ್ಗೆ ಅವಳ ಕೈ ಇದ್ದಕ್ಕಿದ್ದಂತೆ ಜಗ್ಗಿದ ಹಾಗಾಗಿ ಕಾಫಿ ಲೋಟ ಹಾರಿಬೀಳುತ್ತಿತ್ತು. ಅದನ್ನು ಕಾಯಿಲೆಗೆ ಸಂಬಂಧಿಸಿದ್ದೆಂದು ಮನೆಯಲ್ಲಿ ಯಾರೂ ಭಾವಿಸಿರಲಿಲ್ಲ. ನರರೋಗ ತಜ್ಞರು ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಮಾಡಿಸಿ, ಅದರ ನಡುವೆ ಕಣ್ಣೆದುರು ದೀಪವನ್ನು ಬೇರೆ ಬೇರೆ ವೇಗದಲ್ಲಿ ಮಿನುಗಿಸಿ ನೋಡಿದ ಮೇಲೆ, ಇದು ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆ ಎಂದೂ ಜೊತೆಗೆ ಬೆಳಕಿನ ಮಿನುಗಿಗೆ ಮಿದುಳು ಸೂಕ್ಷ್ಮವಾಗಿದೆ ಎಂದೂ ತಿಳಿಸಿ ಮಾತ್ರೆ ಆರಂಭಿಸಿದ್ದಾರೆ.

ಈಗ ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ನನ್ನ ತಾಯಿ ಟಿವಿಯ ವೈರನ್ನೇ ಕಿತ್ತಿಟ್ಟಿದ್ದಾರೆ, ಹಗಲಿನಲ್ಲೂ ಮಗಳ ಕೋಣೆಯ ಕಿಟಕಿ ಮುಚ್ಚಿರುತ್ತದೆ, ಹುಡುಗಿ ಅರೆಗತ್ತಲೆಯಲ್ಲಿ ಕುಳಿತು ಓದುತ್ತಾಳೆ. ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಇದೆ. ಬಸ್ಸಿನ ದಾರಿಯುದ್ದಕ್ಕೂ ಸಿಲ್ವರ್ ಓಕ್ ಮತ್ತು ಅಡಿಕೆಯ ಸಾಲುಗಳಿವೆ. ಮಾರ್ಗಶಿರದಲ್ಲಿ ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ನನ್ನ ಅಣ್ಣನ ಮಗನ ಮದುವೆ ಇದೆ. ನಿಜವಾಗಿ ಯಾವುದನ್ನು ತಪ್ಪಿಸಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಅನುಭವವಿದ್ದವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಯಗಚಿ (ಚಿಕ್ಕಮಗಳೂರು)

ಅಣ್ಣಾ, ಹೈಸ್ಕೂಲಿನ ದಿನಗಳಿಂದಲೂ ಇದೇ ತೊಂದರೆಯೊಂದಿಗೆ ಬಾಳುತ್ತಿರುವವಳು ನಾನು. ಈಗ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ ಮಾಡುತ್ತೇನೆ, ಬಸ್ಸಿನಲ್ಲಿ ಓಡಾಡುತ್ತೇನೆ. ಮೊದಲು ನಿಮ್ಮ ತಾಯಿಯವರಿಗೆ ಕಿಟಕಿ ತೆರೆಯಲು ಹೇಳಿ. ಶತ್ರು ಬೆಳಕಲ್ಲ. ಒಂದು ನಿರ್ದಿಷ್ಟ ವೇಗದಲ್ಲಿ ಬಂದು ಹೋಗುವ ಬೆಳಕು ಕಣ್ಣಿನ ನೋಟವನ್ನೆಲ್ಲ ತುಂಬಿಕೊಂಡಾಗ, ಅದರಲ್ಲೂ ನಿದ್ದೆಗೆಟ್ಟ ಹೊತ್ತಿನಲ್ಲಿ ಹಾಗಾದಾಗ ತೊಂದರೆ ಬರುತ್ತದೆ. ಕತ್ತಲ ಕೋಣೆಯಲ್ಲಿ ಕುಳಿತು ಮೊಬೈಲ್ ನೋಡಿದರೆ ಪರದೆಗೂ ಸುತ್ತಲಿನ ಕತ್ತಲಿಗೂ ನಡುವಿನ ಅಂತರ ಹೆಚ್ಚಾಗಿ ಅಪಾಯವೂ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೂರ್ಛೆ ಇರುವವರಲ್ಲಿ ಈ ಸೂಕ್ಷ್ಮತೆ ಇರುವುದು ಸುಮಾರು ನೂರಕ್ಕೆ ಮೂರು ಮಂದಿಗೆ ಮಾತ್ರ. ಆದರೆ ನಿಮ್ಮ ಮಗಳಿಗಿರುವ ಬಗೆಯ ಮೂರ್ಛೆಯಲ್ಲಿ ಅದರ ಪ್ರಮಾಣ ಬಹಳ ಹೆಚ್ಚು, ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಸಾಮಾನ್ಯವಾಗಿ ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಅಪಾಯಕಾರಿ, ಅದರಲ್ಲೂ 15ರಿಂದ 20ರ ಆಸುಪಾಸಿನದು ಬಹಳ ಮಂದಿಗೆ ತಟ್ಟುತ್ತದೆ. ಆದರೂ ಒಬ್ಬೊಬ್ಬರದು ಒಂದೊಂದು ವ್ಯಾಪ್ತಿ. ಆದ್ದರಿಂದ ಇಇಜಿ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು, ದೀಪವನ್ನು ಯಾವ ವೇಗದಲ್ಲಿ ಮಿನುಗಿಸಿದಾಗ ಅಲೆಗಳು ಏರುಪೇರಾದವು, ಕಣ್ಣು ತೆರೆದಾಗಲೋ, ಮುಚ್ಚಿದಾಗಲೋ, ಮುಚ್ಚುವ ಆ ಕ್ಷಣದಲ್ಲೋ ಎಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಎರಡು ಸಾಲು ನಿಮ್ಮ ನೆಂಟರ ಸಲಹೆಗಳೆಲ್ಲವನ್ನೂ ಒಟ್ಟುಗೂಡಿಸಿದರೂ ಸಿಗದಷ್ಟು ಉಪಯೋಗಕ್ಕೆ ಬರುತ್ತವೆ.

ಮನೆಯೊಳಗೆ ನೀವು ಇವತ್ತೇ ನೋಡಬೇಕಾದದ್ದು ಟಿವಿಯನ್ನಲ್ಲ, ಸೀಲಿಂಗ್ ಫ್ಯಾನನ್ನು. ಬಲ್ಬು ಫ್ಯಾನಿನ ರೆಕ್ಕೆಗಳಿಗಿಂತ ಮೇಲಿದ್ದರೆ, ತಿರುಗುವ ರೆಕ್ಕೆಗಳು ಬೆಳಕನ್ನು ಕತ್ತರಿಸಿ ಕತ್ತರಿಸಿ ಕೆಳಗೆ ಬಿಡುತ್ತವೆ. ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 5 ಸುತ್ತು. ರೆಕ್ಕೆ ಮೂರು, ಆದ್ದರಿಂದ ಸೆಕೆಂಡಿಗೆ 15 ಸಲ ನೆರಳು ಹಾಯುತ್ತದೆ. ಲೆಕ್ಕ ಹಾಕಿ ಮಾಡಿದಂತೆ ಅತ್ಯಂತ ಕೆಟ್ಟ ವೇಗಕ್ಕೇ ಬಂದು ನಿಲ್ಲುತ್ತದೆ. ನಾನು ಹಿಂದೆ ಬಾಡಿಗೆಗಿದ್ದ ಕೋಣೆಯಲ್ಲಿ ತಾರಸಿಗೆ ಅಂಟಿಸಿದ ದುಂಡನೆಯ ಎಲ್‌ಇಡಿ ದೀಪವೊಂದಿತ್ತು. ಬಿಳಿ ಹಾಸಿಗೆಯ ಮೇಲೆ ಮಲಗಿ ನೋಡಿದರೆ ಗೋಡೆ, ಹೊದಿಕೆ, ಪುಸ್ತಕದ ಪುಟ ಎಲ್ಲವೂ ನಡುಗುತ್ತಿರುವಂತೆ ಕಾಣುತ್ತಿತ್ತು, ಕೆಲವೇ ಕ್ಷಣಗಳಲ್ಲಿ ರೆಪ್ಪೆಗಳು ತಾವಾಗಿಯೇ ಪಟಪಟ ಬಡಿದುಕೊಳ್ಳತೊಡಗುತ್ತಿದ್ದವು. ದೀಪವನ್ನು ಗೋಡೆಗೆ, ಫ್ಯಾನಿನ ಮಟ್ಟಕ್ಕಿಂತ ಕೆಳಕ್ಕೆ ಸ್ಥಳಾಂತರಿಸಿದ ಮೇಲೆ ಆ ತೊಂದರೆ ಇಲ್ಲವಾಯಿತು. ಎಲೆಕ್ಟ್ರಿಷಿಯನ್ ಕೂಲಿ ಬಿಟ್ಟರೆ ಬೇರೇನೂ ಖರ್ಚಾಗಲಿಲ್ಲ.

ಇನ್ನು ಬಸ್ಸು. ಅಡಿಕೆಯನ್ನು ಸಾಮಾನ್ಯವಾಗಿ 9 ಅಡಿಗೊಂದರಂತೆ, ಅಂದರೆ 2.7 ಮೀಟರ್ ಅಂತರದಲ್ಲಿ ನೆಡುತ್ತೇವೆ. ಬಸ್ಸು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ನಾಲ್ಕು ಮರ, 60ರಲ್ಲಿದ್ದರೆ ಆರು ಮರ ಸೂರ್ಯನಿಗೆ ಅಡ್ಡ ಬಂದು ಹೋಗುತ್ತವೆ. ಸಾಲಿನ ಹಿಂದೆ ಇನ್ನೊಂದು ಸಾಲಿದ್ದರೆ ಎಣಿಕೆ ಇನ್ನೂ ಏರುತ್ತದೆ. ನೆತ್ತಿಯ ಮೇಲಿನ ಮಧ್ಯಾಹ್ನದ ಬಿಸಿಲಿನಿಂದ ಈ ತೊಂದರೆಯಿಲ್ಲ. ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿದ್ದು ಬೆಳಕು ಅಡ್ಡಡ್ಡವಾಗಿ ಬರುವಾಗಲೇ ಜೋಪಾನವಾಗಿರಬೇಕು. ನಿಮ್ಮ ಕಡೆಯಿಂದ ಹಾಸನಕ್ಕೆ ರಸ್ತೆ ಪೂರ್ವಾಭಿಮುಖ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹೋಗುವಾಗ ಎಡಗಡೆಯ ಸೀಟು, ಹಿಂದಿರುಗುವಾಗ ಬಲಗಡೆಯ ಸೀಟು ಹಿಡಿಯಲಿ. ಎರಡು ಸಲವೂ ಅದು ಉತ್ತರದ ಕಡೆಯದೇ ಆಗುತ್ತದೆ. ಮುಂದಕ್ಕೆ ಅಂಚಿರುವ ಟೋಪಿ ಮತ್ತು ತಂಪು ಕನ್ನಡಕ ಚೀಲದಲ್ಲಿರಲಿ. ಗೊರೂರಿನಲ್ಲಿ ಹೇಮಾವತಿಯ ಹಿನ್ನೀರಿನ ಮೇಲೆ ಬಿಸಿಲು ಕೋರೈಸುವಂಥ ಕಡೆ ಸಾಮಾನ್ಯ ಕಪ್ಪು ಕನ್ನಡಕಕ್ಕಿಂತ ಪೋಲರೈಸ್ಡ್ ಗಾಜು ಒಳ್ಳೆಯದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಇದ್ದಕ್ಕಿದ್ದಂತೆ ಮಿನುಗು ಎದುರಾದರೆ ಎರಡೂ ಕಣ್ಣು ಮುಚ್ಚಿಕೊಳ್ಳಬಾರದು. ರೆಪ್ಪೆಯ ಮೂಲಕ ಬೆಳಕು ಕೆಂಪಾಗಿ ಹರಡಿ ಒಳಗೆ ಬರುತ್ತಲೇ ಇರುತ್ತದೆ, ಕಣ್ಣು ಮುಚ್ಚುವ ಕ್ರಿಯೆಯೇ ಕೆಲವರಿಗೆ ಕಾರಣವಾಗುತ್ತದೆ. ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿ, ಮುಖವನ್ನು ಬೇರೆ ಕಡೆಗೆ ತಿರುಗಿಸಬೇಕು. ಒಂದೇ ಕಣ್ಣಿನಿಂದ ಹೋಗುವ ಪ್ರಚೋದನೆ ಬಹುಮಂದಿಯಲ್ಲಿ ಫಿಟ್ಸ್ ಎಬ್ಬಿಸುವಷ್ಟು ಬಲವಾಗಿರುವುದಿಲ್ಲ. ಮಗಳಿಗೆ ಇದು ಯೋಚಿಸದೆಯೇ ಕೈ ಹೋಗುವಷ್ಟು ರೂಢಿಯಾಗಲಿ.

ಕಡೂರಿನ ಕೊಬ್ಬರಿ

ನಮ್ಮ ಹಿರಿಯರ ಕಾಲದಲ್ಲಿ ಇಂಥ ಕಾಯಿಲೆಯನ್ನು ಕೇಳಿರಲಿಲ್ಲ. ಟಿವಿ, ಮೊಬೈಲು ಬಂದ ಮೇಲೆ ಹುಟ್ಟಿಕೊಂಡದ್ದು ಇದು. ಅವನ್ನು ಪೂರ್ತಿಯಾಗಿ ನಿಲ್ಲಿಸಿದರೆ ಮಾತ್ರೆಯ ಅಗತ್ಯವೇ ಬೀಳದು ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆ ಒಬ್ಬ ಹುಡುಗನಿಗೆ ತಲೆಗೆ ಬಿಸಿನೀರು ಹಾಕಿಕೊಂಡಾಗಲೆಲ್ಲ ಹೀಗಾಗುತ್ತಿತ್ತು. ಅವನಿಗೂ ಬೆಳಕಿನ ದೋಷವೇ ಇದ್ದಿರಬೇಕು. ಬಂದಾಗ ಕೈಗೆ ಕಬ್ಬಿಣ ಕೊಡುವುದು ಎಲ್ಲರಿಗೂ ತಿಳಿದದ್ದೇ.

ಶುಶ್ರೂಷಕಿ (ಅರಕಲಗೂಡು)

ಕಡೂರಿನವರೇ, ಕಬ್ಬಿಣದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರಿಂದ ಆಗುವ ಹಾನಿಯನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಫಿಟ್ಸ್ ಬಹುತೇಕ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿ ಬೀಗದ ಕೈ ಇದ್ದರೆ ಅದಕ್ಕೆ ಕೀರ್ತಿ ಬರುತ್ತದೆ, ಅಷ್ಟೆ. ಅದುರುವ ಕೈಯನ್ನು ಬಲವಂತವಾಗಿ ಬಿಡಿಸಿ ಕಬ್ಬಿಣ ತುರುಕುವಾಗ ಬೆರಳು ಮುರಿಯಬಹುದು. ಬಾಯಿಗೆ ಚಮಚ ಇಟ್ಟರೆ ಹಲ್ಲು ಮುರಿದು ಗಂಟಲಿಗಿಳಿಯಬಹುದು, ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋಗಬಹುದು. ಮಾಡಬೇಕಾದದ್ದು ಸರಳ. ಮಿನುಗುವ ದೀಪವನ್ನು ಮೊದಲು ಆರಿಸಿ, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿಗೆ ಮೆತ್ತನೆಯ ಬಟ್ಟೆ ಇಟ್ಟು, ಅದುರು ನಿಂತ ಕೂಡಲೇ ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೊಮ್ಮೆ ಬಂದರೆ 108ಕ್ಕೆ ಕರೆ ಮಾಡಿ.

ಬಿಸಿನೀರಿನ ಸಂಗತಿ ಬೇರೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಫಿಟ್ಸ್ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿದ್ದು, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಎರಡೂ ಹೊರಗಿನ ಪ್ರಚೋದನೆಯಿಂದ ಬರುವಂಥವಾದರೂ ದಾರಿ ಬೇರೆ, ಉಪಾಯ ಬೇರೆ.

ಟಿವಿಯಿಂದ ಕಾಯಿಲೆ ಹುಟ್ಟುವುದಿಲ್ಲ. ಬಹುಮಟ್ಟಿಗೆ ವಂಶವಾಹಿಗಳಲ್ಲೇ ಬಂದ ಸೂಕ್ಷ್ಮತೆಯನ್ನು ಅದು ಬಯಲಿಗೆಳೆಯುತ್ತದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಮಕ್ಕಳ ಕಾರ್ಟೂನ್ ಧಾರಾವಾಹಿಯ ಒಂದು ದೃಶ್ಯದಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ 12 ಸಲದಂತೆ ಕೆಲವೇ ಸೆಕೆಂಡು ಬದಲಾದವು. ಆ ಸಂಜೆ 685 ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅವರಲ್ಲಿ ಅನೇಕರಿಗೆ ಅದಕ್ಕೆ ಮುನ್ನ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಆದರೆ ಅದೇ ದೃಶ್ಯವನ್ನು ನೋಡಿದ ಲಕ್ಷಾಂತರ ಮಕ್ಕಳಿಗೆ ಏನೂ ಆಗಲಿಲ್ಲ ಎಂಬುದನ್ನೂ ಗಮನಿಸಬೇಕು. ಅಚ್ಚ ಕೆಂಪಿನ ಮಿನುಗು ಉಳಿದ ಬಣ್ಣಗಳಿಗಿಂತ ಕೆಟ್ಟದ್ದು ಎಂಬುದನ್ನೂ ನೆನಪಿಡಿ.

ಬೇಲೂರು ಮೇಷ್ಟ್ರು

ಹೈಸ್ಕೂಲು ಶಿಕ್ಷಕನಾಗಿ ಶಾಲೆಯ ಕಡೆಯ ಮಾತು ಸೇರಿಸುತ್ತೇನೆ. ಕಂಪ್ಯೂಟರ್ ಲ್ಯಾಬಿಗೆ ಹೆದರಬೇಕಾಗಿಲ್ಲ. ಹಳೆಯ ದಪ್ಪ ಟಿವಿಗಳ ಪರದೆಯೇ ಸೆಕೆಂಡಿಗೆ 50 ಸಲ ಮಿನುಗುತ್ತಿತ್ತು, ಹತ್ತಿರ ಕುಳಿತರೆ ಅದರ ಅರ್ಧದಷ್ಟು ವೇಗದಲ್ಲಿ ಗೆರೆಗಳ ಕಂಪನವೂ ಕಾಣುತ್ತಿತ್ತು. ಈಗಿನ ಚಪ್ಪಟೆ ಪರದೆಗಳು ಹಾಗೆ ಕಣ್ಣಿಗೆ ಬಡಿಯುವುದಿಲ್ಲ. ಅದರಲ್ಲಿ ತೋರಿಸುವ ಚಿತ್ರ ಮಿನುಗಿದರೆ ಮಾತ್ರ ತೊಂದರೆ. ಪಾಠಕ್ಕೆಂದು ತಯಾರಿಸುವ ಸ್ಲೈಡುಗಳಲ್ಲಿ ಅಕ್ಷರಗಳನ್ನು ಕುಣಿಸುವ ಚಟ ನಮ್ಮ ಶಿಕ್ಷಕರಲ್ಲಿ ಕೆಲವರಿಗಿದೆ. ಅದನ್ನು ಬಿಟ್ಟರೆ ಮೂರ್ಛೆ ಇಲ್ಲದ ಮಕ್ಕಳಿಗೂ ಉಪಕಾರವೇ. ಸ್ಟಾರ್ಟರ್ ಕೆಟ್ಟು ಚಿಟಿಚಿಟಿ ಎನ್ನುವ ಟ್ಯೂಬ್‌ಲೈಟನ್ನು ಮಾತ್ರ ಅದೇ ದಿನ ಬದಲಾಯಿಸಬೇಕು. ಮಳೆಗಾಲದಲ್ಲಿ ವೋಲ್ಟೇಜ್ ಇಳಿದು ದೀಪಗಳು ಕಣ್ಣು ಮಿಟುಕಿಸತೊಡಗಿದರೆ ಆರಿಸಿಬಿಟ್ಟು ಕಿಟಕಿಯ ಪಕ್ಕ ಕೂರಿಸುವುದು ಉತ್ತಮ.

ಪೋಷಕರೂ ಶಿಕ್ಷಕರೂ ತಪ್ಪು ತಿಳಿಯುವ ಇನ್ನೊಂದು ಸಂಗತಿಯಿದೆ. ಕೆಲವು ಮಕ್ಕಳು ಬಿಸಿಲಿಗೆ ಮುಖವೊಡ್ಡಿ ಕಣ್ಣೆದುರು ಬೆರಳುಗಳನ್ನು ಬೇಗಬೇಗನೆ ಆಡಿಸುತ್ತಾರೆ, ಆಗ ಕ್ಷಣಕಾಲ ಎಚ್ಚರ ತಪ್ಪಿದವರಂತೆ ನಿಲ್ಲುತ್ತಾರೆ. ಅದನ್ನು ಚೇಷ್ಟೆ ಎಂದು ಬೈಯುವುದುಂಟು, ಹೊಡೆಯುವುದೂ ಉಂಟು. ಅದು ಬೆಳಕಿನ ಸೂಕ್ಷ್ಮತೆಯ ಒಂದು ವಿಶಿಷ್ಟ ರೂಪವಾಗಿರಬಹುದಾದ್ದರಿಂದ ಮಗುವನ್ನು ವೈದ್ಯರ ಬಳಿಗೆ ಕಳುಹಿಸಬೇಕು. ಹಾಗೆಯೇ ಒಂದು ಮಾತು: ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಓದಿಸುವ ಪದ್ಧತಿ ಈ ಮಕ್ಕಳಿಗೆ ವಿಷ. ಪ್ರೊಜೆಕ್ಟರಿಗಿಂತ ಅದರ ಬಗ್ಗೆ ನಾನು ಹೆಚ್ಚು ಚಿಂತಿಸುತ್ತೇನೆ.

ಏಲಕ್ಕಿತೋಟ

ಎಲ್ಲರಿಗೂ ಕೃತಜ್ಞತೆಗಳು. ಯಗಚಿಯವರೇ, ನಮ್ಮ ಮನೆಯ ನಡುಮನೆಯಲ್ಲಿ ಬಲ್ಬು ಫ್ಯಾನಿಗಿಂತ ಮೇಲೆಯೇ ಇದೆ, ಹುಡುಗಿ ಓದುವುದೂ ಅದರಡಿಯೇ. ಇನ್ನೆರಡು ಸಂದೇಹಗಳು. ಸಕಲೇಶಪುರದ ಕನ್ನಡಕದ ಅಂಗಡಿಯವರು ‘ಬ್ಲೂ ಕಟ್’ ಗಾಜು ಹಾಕಿಸಿದರೆ ಮೂರ್ಛೆಗೂ ಒಳ್ಳೆಯದು ಎಂದರು. ಅದು ನಿಜವೇ? ಮತ್ತು ವೈದ್ಯರು ಕೊಟ್ಟಿರುವ ಮಾತ್ರೆಯನ್ನು ಒಂದು ವರ್ಷ ಫಿಟ್ಸ್ ಬಾರದಿದ್ದರೆ ನಿಲ್ಲಿಸಬಹುದೆಂದು ನೆಂಟರೊಬ್ಬರು ಹೇಳುತ್ತಿದ್ದಾರೆ.

ಯಗಚಿ (ಚಿಕ್ಕಮಗಳೂರು)

ಕನ್ನಡಕದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇಟಲಿಯಲ್ಲಿ ಇಂಥ 610 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದು ಬಗೆಯ ಗಾಢ ನೀಲಿ ಗಾಜನ್ನು ಹಾಕಿಕೊಂಡಾಗ ನಾಲ್ಕರಲ್ಲಿ ಮೂರು ಪಾಲು ಜನರ ಇಇಜಿಯಲ್ಲಿ ಆ ಅಸಹಜ ಪ್ರತಿಕ್ರಿಯೆಯೇ ಕಾಣದಾಯಿತು. ಆದರೆ ಆ ಗಾಜು ನೀಲಿಯನ್ನು ಒಳಗೆ ಬಿಟ್ಟು ಕೆಂಪನ್ನು ತಡೆಯುವಂಥದ್ದು. ಅಂಗಡಿಯ ‘ಬ್ಲೂ ಕಟ್’ ನೀಲಿಯನ್ನು ತಡೆಯುವಂಥದ್ದು. ಹೆಸರಿನಲ್ಲಿ ನೀಲಿ ಇದೆಯೆಂಬುದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ಅಂಗಡಿಯವರ ಮಾತಿಗೆ ದುಡ್ಡು ಕೊಡಬೇಡಿ. ನೀಲಿ ಗಾಜು ನಿಮ್ಮ ಮಗಳಿಗೆ ಒಗ್ಗುತ್ತದೆಯೇ ಎಂಬುದನ್ನು ಇಇಜಿ ಕೋಣೆಯಲ್ಲೇ, ದೀಪ ಮಿನುಗಿಸುತ್ತಾ, ಗಾಜು ಹಾಕಿ ಪರೀಕ್ಷಿಸಬೇಕು. ಕೆಂಪು ಛಾಯೆಯ ಕನ್ನಡಕವನ್ನಂತೂ ಕೊಳ್ಳಬೇಡಿ.

ಮೊಬೈಲಿನಲ್ಲಿ ವಿಡಿಯೋಗಳು ತಾವಾಗಿಯೇ ಓಡುವುದನ್ನು ನಿಲ್ಲಿಸಿಡಿ. ಐಫೋನಿನಲ್ಲಿ ಮಿನುಗುವ ದೃಶ್ಯಗಳನ್ನು ಮಂಕಾಗಿಸುವ ಆಯ್ಕೆ ಇದೆ, ಆಂಡ್ರಾಯ್ಡಿನಲ್ಲಿ ಆನಿಮೇಷನ್ ತೆಗೆಯುವ ಆಯ್ಕೆ ಇದೆ. ಇವು ಎಲ್ಲವನ್ನೂ ತಡೆಯುವುದಿಲ್ಲ. ಟಿವಿಯನ್ನು ದೀಪ ಹಾಕಿರುವ ಕೋಣೆಯಲ್ಲಿ, ಎಂಟು ಅಡಿಯಷ್ಟು ದೂರದಿಂದ ನೋಡಲಿ. ಅಜ್ಜಿಗೆ ಹೇಳಿ ವೈರನ್ನು ಮರಳಿ ಹಾಕಿಸಿ.

ಶುಶ್ರೂಷಕಿ (ಅರಕಲಗೂಡು)

ಮಾತ್ರೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ ಸೇರಿಸಿ. ಬರೆದುಕೊಟ್ಟ ವೈದ್ಯರೊಂದಿಗೆ ಚರ್ಚಿಸಲು ಬೇಕಾದಷ್ಟನ್ನು ಮಾತ್ರ ತಿಳಿಸುತ್ತೇನೆ. ನಿಮ್ಮ ಮಗಳಿಗಿರುವ ಬಗೆಯ ಮೂರ್ಛೆಯಲ್ಲಿ ಮಾತ್ರೆ ನಿಲ್ಲಿಸಿದರೆ ಬಹುಮಂದಿಗೆ ಮರಳಿ ಬರುತ್ತದೆ. ಹಠಾತ್ತನೆ ನಿಲ್ಲಿಸಿದರೆ ಒಂದರ ಹಿಂದೊಂದು ಬಂದು ಪ್ರಾಣಾಪಾಯವೂ ಆಗಬಹುದು. ಬೆಳಕಿನ ಸೂಕ್ಷ್ಮತೆ ಕೆಲವರಲ್ಲಿ ಇಪ್ಪತ್ತು ದಾಟಿದ ಮೇಲೆ ಕಡಿಮೆಯಾಗುತ್ತದೆ, ಆದರೆ ಅದನ್ನು ಇಇಜಿ ನೋಡಿ ತೀರ್ಮಾನಿಸಬೇಕು.

ಇನ್ನೊಂದು ಮುಖ್ಯ ಸಂಗತಿ. ವಾಲ್ಪ್ರೊಯೇಟ್ ಎಂಬ ಔಷಧ ಈ ಬಗೆಯ ಫಿಟ್ಸನ್ನು ಚೆನ್ನಾಗಿ ಹತೋಟಿಗೆ ತರುತ್ತದೆ. ಆದರೆ ಗರ್ಭಿಣಿಯರು ಅದನ್ನು ಸೇವಿಸಿದರೆ ಹುಟ್ಟುವ ಮಗುವಿಗೆ ಅಂಗವೈಕಲ್ಯ ಮತ್ತು ಬುದ್ಧಿಬೆಳವಣಿಗೆಯ ತೊಂದರೆ ಆಗುವ ಅಪಾಯ ಇರುವುದರಿಂದ, ಹೆಣ್ಣುಮಕ್ಕಳಿಗೆ ಸಾಧ್ಯವಾದಲ್ಲಿ ಲೆವೆಟಿರಾಸಿಟಾಮ್‌ನಂಥ ಬೇರೆ ಔಷಧವನ್ನು ಮೊದಲು ಪರಿಗಣಿಸುತ್ತಾರೆ. ಚೀಟಿಯಲ್ಲಿ ಯಾವುದಿದೆ ನೋಡಿ, ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ. ಪಕ್ಕದ ಮನೆಯವರಿಗೆ ಒಗ್ಗಿದ ಫಿಟ್ಸ್ ಮಾತ್ರೆ ಎಂದು ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಕೊಡಬೇಡಿ. ಬೆಳಗಿನ ಆ ಕೈ ಜಗ್ಗುವಿಕೆ ಅವುಗಳಿಂದ ಹೆಚ್ಚಾಗುವುದುಂಟು.

ಸೋದರತ್ತೆ (ಚನ್ನರಾಯಪಟ್ಟಣ)

ಎಲ್ಲರೂ ವಿದ್ಯಾವಂತರಂತೆ ಬರೆದಿದ್ದೀರಿ, ಆದರೆ ಒಂದು ವಿಚಾರವನ್ನು ಯಾರೂ ಎತ್ತಲಿಲ್ಲ. ಹೆಣ್ಣುಮಗು. ಕಾಲೇಜಿನಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರೆ ನಾಳೆ ಗಂಡು ಕೇಳಿಕೊಂಡು ಯಾರು ಬರುತ್ತಾರೆ? ಮಾತ್ರೆ ಕೊಡಿ, ಕನ್ನಡಕ ಕೊಡಿ, ಬಾಯಿ ಮುಚ್ಚಿಕೊಂಡಿರಿ ಎಂಬುದೇ ನನ್ನ ಸಲಹೆ.

ಯಗಚಿ (ಚಿಕ್ಕಮಗಳೂರು)

ಅತ್ತೆಯವರೇ, ನಿಮ್ಮ ಆತಂಕ ಹಗುರವಾದದ್ದಲ್ಲ, ನನ್ನ ಮನೆಯಲ್ಲೂ ಇದೇ ಮಾತು ನಡೆದಿದೆ. ಹಿಂದೂ ವಿವಾಹ ಕಾಯಿದೆಯ ಷರತ್ತುಗಳಲ್ಲಿ ಮೂರ್ಛೆಯ ಹೆಸರೂ ಇತ್ತು, 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಮೂರ್ಛೆ ಇದೆ ಎಂಬ ಕಾರಣಕ್ಕೆ ಮದುವೆ ಸಿಂಧುವಲ್ಲ ಎಂದು ಈಗ ವಾದಿಸಲಾಗದು. ಆದರೆ ಕಾಯಿದೆ ಬದಲಾದಷ್ಟು ಬೇಗ ಜಗಲಿಯ ಮಾತು ಬದಲಾಗಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಊರಿಗೆಲ್ಲ ಡಂಗುರ ಸಾರಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕ ಕೂರುವ ಗೆಳತಿಗೆ, ತರಗತಿಯ ಶಿಕ್ಷಕರಿಗೆ, ಮದುವೆಮನೆಯಲ್ಲಿ ದೀಪ ಹಾಕುವವರಿಗೆ ತಿಳಿಯದಿದ್ದರೆ ಮಾತ್ರ ನಡೆಯದು. ಬಚ್ಚಿಟ್ಟ ಕಾರಣಕ್ಕೆ ಮಂಟಪದ ನಡುವೆ ಎಲ್ಲರೆದುರು ಬೀಳುವುದರಿಂದ ಯಾವ ಗುಟ್ಟು ಉಳಿದೀತು?

ಬೇಲೂರು ಮೇಷ್ಟ್ರು

ಹುಡುಗಿಯನ್ನೇ ಕೇಳಿ, ಯಾರಿಗೆ ಹೇಳಬೇಕೆಂದು ಅವಳೇ ನಿರ್ಧರಿಸಲಿ ಎನ್ನುವುದು ನನ್ನ ಅನಿಸಿಕೆ. ಹದಿನಾರು ತುಂಬಿದ ಮಗುವಿನ ಬಗ್ಗೆ ನಾವೆಲ್ಲ ಇಲ್ಲಿ ಇಷ್ಟು ಹೊತ್ತು ಮಾತನಾಡಿದ್ದೇವೆ.

ಮೂಡಿಗೆರೆ ಹುಡುಗ

ನನಗೂ ಇದೇ ಸಮಸ್ಯೆ ಇದೆ. ಮಾತ್ರೆಯಿಂದ ಹತೋಟಿಯಲ್ಲಿದೆ. ಬೈಕ್ ಲೈಸೆನ್ಸ್ ಮಾಡಿಸಬಹುದೇ? ಚಾರ್ಮಾಡಿ ಘಾಟಿಯಲ್ಲಿ ಎದುರಿನಿಂದ ಬರುವ ಗಾಡಿಗಳು ಪಟಪಟನೆ ಹೊಡೆಯುವ ಬಿಳಿ ದೀಪಗಳನ್ನು ಹಾಕಿಸಿಕೊಂಡಿರುವುದರಿಂದ ಹಿಂದೆ ಕೂರುವುದಕ್ಕೇ ಹೆದರಿಕೆಯಾಗುತ್ತದೆ. ಹಾಗೆಯೇ ಚಿತ್ರದುರ್ಗದ ಕಡೆ ಹೋಗುವಾಗ ಸಿಗುವ ಗಾಳಿಯಂತ್ರಗಳ ನೆರಳಿನಿಂದಲೂ ಬರುತ್ತದೆಯೇ?

ಶುಶ್ರೂಷಕಿ (ಅರಕಲಗೂಡು)

ತಮ್ಮಾ, ಲೈಸೆನ್ಸಿಗೆ ಸಲ್ಲಿಸುವ ಫಾರ್ಮ್ 1ರಲ್ಲಿ ಮೂರ್ಛೆ ಅಥವಾ ಹಠಾತ್ತನೆ ಎಚ್ಚರ ತಪ್ಪುವ ತೊಂದರೆ ಇದೆಯೇ ಎಂಬ ಪ್ರಶ್ನೆಗೆ ನೀವೇ ಸಹಿ ಹಾಕಿ ಉತ್ತರಿಸಬೇಕು. ಅಲ್ಲಿ ಸುಳ್ಳು ಬರೆದು ಘಾಟಿಯ ತಿರುವಿನಲ್ಲಿ ಬಿದ್ದರೆ ಹಿಂದೆ ಕುಳಿತವರ ಪ್ರಾಣಕ್ಕೂ ನೀವೇ ಹೊಣೆ. ಸದ್ಯಕ್ಕೆ ಬೈಕನ್ನು ಮರೆತುಬಿಡಿ. ಗಾಳಿಯಂತ್ರದ ಬಗ್ಗೆ ಚಿಂತೆ ಬೇಡ. ದೊಡ್ಡ ಯಂತ್ರ ನಿಮಿಷಕ್ಕೆ 15 ಸುತ್ತು ತಿರುಗಿದರೂ ಮೂರು ರೆಕ್ಕೆಯ ಲೆಕ್ಕದಲ್ಲಿ ಸೆಕೆಂಡಿಗೆ ಒಂದು ನೆರಳೂ ಬೀಳುವುದಿಲ್ಲ. ವಾಹನಗಳ ಇಂಡಿಕೇಟರ್ ಕೂಡ ಸೆಕೆಂಡಿಗೆ ಒಂದೆರಡು ಸಲವಷ್ಟೇ ಮಿನುಗುವುದರಿಂದ ಸಾಮಾನ್ಯವಾಗಿ ತೊಂದರೆ ಕೊಡದು. ನೀವು ಹೇಳಿದ ಆ ಬಿಳಿ ಸ್ಟ್ರೋಬ್ ದೀಪಗಳು ನಿಜಕ್ಕೂ ಅಪಾಯ. ಎದುರಾದಾಗ ಯಗಚಿಯವರು ಹೇಳಿದ ಅಂಗೈ ಉಪಾಯವನ್ನೇ ಮಾಡಿ.

ದೀಪಾಲಂಕಾರ (ಹಾಸನ)

ನಾನು ಮದುವೆ ಮತ್ತು ಉತ್ಸವಗಳಿಗೆ ಶಾಮಿಯಾನ, ಲೈಟಿಂಗ್ ಒದಗಿಸುವ ವೃತ್ತಿಯವನು. ಈ ಚರ್ಚೆಯನ್ನು ಓದಿದ ಮೇಲೆ ನಮ್ಮ ಕಡೆಯಿಂದ ಏನೇನು ಸಾಧ್ಯ ಎಂಬುದನ್ನು ಹೇಳುವುದು ನ್ಯಾಯವೆನಿಸಿತು. ಬಹಳ ಮಂದಿ ತಿಳಿದಂತೆ ದೀಪಗಳನ್ನು ತೆಗೆಯಬೇಕಾಗಿಲ್ಲ, ಅಲಂಕಾರವೂ ಕಡಿಮೆಯಾಗುವುದಿಲ್ಲ. ವೇದಿಕೆಯ ಪಾರ್ ಲೈಟುಗಳಿಗೆ ‘ಸೌಂಡ್ ಮೋಡ್’ ಎಂಬ ವ್ಯವಸ್ಥೆ ಇರುತ್ತದೆ. ಅದನ್ನು ಹಾಕಿಬಿಟ್ಟರೆ ದೀಪಗಳು ಡೋಲಿನ ಪೆಟ್ಟಿಗೆಲ್ಲ ತಾವಾಗಿಯೇ ಕುಣಿಯುತ್ತವೆ, ಆಪರೇಟರ್ ಹುಡುಗ ಊಟಕ್ಕೆ ಹೋಗಬಹುದು. ನಿಮ್ಮ ಊರಹಬ್ಬದಲ್ಲಿ ಆದದ್ದೂ ಬಹುಶಃ ಅದೇ. ಅದನ್ನು ಬಿಟ್ಟು ಬೋರ್ಡಿನಿಂದ ಕೈಯಲ್ಲೇ ನಡೆಸಿ, ಸ್ಟ್ರೋಬ್ ಚಾನೆಲ್ಲನ್ನು ಸೊನ್ನೆಗೆ ಇಳಿಸಿಟ್ಟರೆ ಬಣ್ಣಗಳು ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ಜಾರುತ್ತವೆ. ನಿಜ ಹೇಳಬೇಕೆಂದರೆ ರೇಷ್ಮೆ ಸೀರೆಗಳ ಬಣ್ಣ ಫೋಟೋದಲ್ಲಿ ಚೆನ್ನಾಗಿ ಬರುವುದೂ ಆಗಲೇ. ಸೀರಿಯಲ್ ಸೆಟ್ಟುಗಳ ಡಬ್ಬಿಯ ಮೇಲೆ ಒಂದು ಗುಂಡಿ ಇರುತ್ತದೆ, ಒತ್ತುತ್ತಾ ಹೋದರೆ ಕೊನೆಗೆ ಸ್ಥಿರವಾಗಿ ಉರಿಯುವ ಮೋಡ್ ಸಿಗುತ್ತದೆ.

ಕಷ್ಟದ ವಿಷಯವೆಂದರೆ ಎಲ್‌ಇಡಿ ವಾಲ್ (ದೊಡ್ಡ ವಿಡಿಯೋ ಪರದೆ) ಮತ್ತು ಛಾಯಾಗ್ರಾಹಕರು. ವಾಲ್ ಮೇಲೆ ಓಡಿಸುವ ತುಣುಕುಗಳನ್ನು ವಿಡಿಯೋದವರು ಎಲ್ಲಿಂದಲೋ ತರುತ್ತಾರೆ, ಅವುಗಳಲ್ಲಿ ಕಿಡಿ ಸಿಡಿಯುವ, ಗೆರೆಗಳು ಓಡುವ ಚಿತ್ರಗಳೇ ಹೆಚ್ಚು. ಅಂತರಜಾಲ ಪುಟಗಳಿಗಾಗಿ ಜಗತ್ತಿನಾದ್ಯಂತ ಒಪ್ಪಿರುವ ನಿಯಮದ ಪ್ರಕಾರ ಯಾವ ದೃಶ್ಯವೂ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು. ಮದುವೆಮನೆಗೆ ಅಂಥ ನಿಯಮ ಹೇಳುವವರು ಯಾರೂ ಇಲ್ಲದಿರುವುದರಿಂದ ನೀವೇ ಮುಂಚಿತವಾಗಿ ಹೇಳಬೇಕು. ಧಾರೆಯ ಹೊತ್ತಿನಲ್ಲಿ ನಾಲ್ಕೈದು ಕ್ಯಾಮೆರಾಗಳ ಫ್ಲಾಷ್ ಒಟ್ಟಿಗೆ ಹೊಡೆಯುತ್ತವೆ. ಫ್ಲಾಷ್ ಬಿಟ್ಟು ಸ್ಥಿರ ವಿಡಿಯೋ ಲೈಟಿನಲ್ಲೇ ತೆಗೆಯಲು ಒಪ್ಪುವವರಿದ್ದಾರೆ, ಆದರೆ ಮುಂಗಡ ಕೊಡುವ ಮೊದಲು ಮಾತಾಗಿರಬೇಕು.

ಏಲಕ್ಕಿತೋಟ

ಯಜಮಾನರೇ, ನೀವು ಬರೆದದ್ದನ್ನು ಅಣ್ಣನಿಗೆ ಓದಿ ಹೇಳಿದೆ. ಅವರು ಒಪ್ಪಿದ್ದಾರೆ, ವಾಲ್ ಮಾತ್ರ ಇರಲೇಬೇಕು ಎನ್ನುತ್ತಿದ್ದಾರೆ. ನಡುಮನೆಯ ಬಲ್ಬನ್ನು ಇಳಿಸಿ ಗೋಡೆಗೆ ಹಾಕಿಸಿದ್ದೇನೆ. ಮೇಷ್ಟ್ರು ಹೇಳಿದಂತೆ ಮಗಳನ್ನೇ ಕೇಳಿದಾಗ ಇಬ್ಬರು ಗೆಳತಿಯರ ಮತ್ತು ಒಬ್ಬ ಉಪನ್ಯಾಸಕಿಯ ಹೆಸರು ಹೇಳಿದಳು. ಕಿಟಕಿ ಹಗಲು ತೆರೆದಿರುತ್ತದೆ. ಟಿವಿಯ ವೈರು ಇನ್ನೂ ನಮ್ಮ ತಾಯಿಯವರ ಪೆಟ್ಟಿಗೆಯಲ್ಲೇ ಇದೆ.

ಒಂದು ಪ್ರಶ್ನೆ ಉಳಿದಿದೆ. ದೀಪಾವಳಿಯ ಹೊತ್ತಿಗೆ ಹಾಸನಾಂಬೆಯ ದರ್ಶನಕ್ಕೆ ಹೋಗುವ ರೂಢಿ ನಮ್ಮದು. ಈ ಬಾರಿ ನಮ್ಮ ತಂಗಿಯ ಮನೆಯವರು ನರಕ ಚತುರ್ದಶಿಗೆ ಚಿಕ್ಕಮಗಳೂರು ಬಳಿಯ ದೇವೀರಮ್ಮನ ಬೆಟ್ಟಕ್ಕೂ ಕರೆಯುತ್ತಿದ್ದಾರೆ. ಮಗಳಿಗೆ ಎರಡಕ್ಕೂ ಬರುವ ಆಸೆ.

ಯಗಚಿ (ಚಿಕ್ಕಮಗಳೂರು)

ಹಾಸನಾಂಬೆಗೆ ಕರೆದುಕೊಂಡು ಹೋಗಿ, ಆದರೆ ಹಗಲಿನಲ್ಲಿ. ಬಾಗಿಲು ತೆರೆದಿರುವ ದಿನಗಳಲ್ಲಿ ರಾತ್ರಿ ಊರೆಲ್ಲ ದೀಪಾಲಂಕಾರ, ಸಾಲಿನಲ್ಲಿ ಗಂಟೆಗಟ್ಟಲೆ ನಿಂತರೆ ನಿದ್ದೆಯೂ ಇಲ್ಲ, ಊಟವೂ ಇಲ್ಲ. ಬೆಳಗಿನ ಮಾತ್ರೆ, ತಿಂಡಿ ಮುಗಿಸಿ ಹೊರಡಿ, ಉಪವಾಸ ಬೇಡ. ಮಧ್ಯಾಹ್ನದ ಮಾತ್ರೆಯಿದ್ದರೆ ಜೇಬಿನಲ್ಲಿರಲಿ.

ದೇವೀರಮ್ಮನ ಬೆಟ್ಟಕ್ಕೆ ಈ ವರ್ಷ ಬೇಡವೆಂದೇ ಹೇಳುತ್ತೇನೆ. ನಾನು ಇದೇ ಊರಿನವಳು, ಆಸೆ ಎಷ್ಟಿರುತ್ತದೆ ಎಂಬುದು ಗೊತ್ತು. ರಾತ್ರಿಯಿಡೀ ನಿದ್ದೆಗೆಟ್ಟು ಏರುವುದು, ಕಡಿದಾದ ಜಾರುವ ದಾರಿ, ಮುಂದೆ ಹಿಂದೆ ಸಾವಿರಾರು ಜನರ ಟಾರ್ಚು ಮತ್ತು ಮೊಬೈಲ್ ದೀಪಗಳ ಅಲುಗಾಟ. ಅಲ್ಲಿ ಬಿದ್ದರೆ ಮಗ್ಗುಲಿಗೆ ಹೊರಳಿಸಲೂ ಜಾಗವಿರದು. ಒಂದು ವರ್ಷ ಮಾತ್ರೆ ಹಿಡಿದು ನಿಲ್ಲಲಿ, ಮುಂದಿನ ಸಲ ವೈದ್ಯರನ್ನು ಕೇಳಿ ನೋಡೋಣ.

ದೀಪಾಲಂಕಾರ (ಹಾಸನ)

ವಾಲ್ ಇರಲಿ, ತೊಂದರೆಯಿಲ್ಲ. ಅದರ ಮೇಲೆ ವಧೂವರರ ಹೆಸರು ಮತ್ತು ನಿಂತ ಚಿತ್ರಗಳನ್ನಷ್ಟೇ ಹಾಕಿಸಿ, ಹೊಳಪನ್ನು ಅರ್ಧಕ್ಕಿಳಿಸಿ. ಹುಡುಗಿಯನ್ನು ವೇದಿಕೆಯ ಎದುರಿಗೆ ಕೂರಿಸದೆ ಪಕ್ಕದ ಸಾಲಿನಲ್ಲಿ, ಹಿಂದಕ್ಕೆ ಕೂರಿಸಿ. ಲೈಟಿಂಗ್ ಯಾರಿಗೆ ವಹಿಸಿದ್ದೀರಿ ಎಂಬುದು ಮುಖ್ಯವಲ್ಲ. ಆರತಕ್ಷತೆಯ ಸಂಜೆ ಬೋರ್ಡಿನ ಮುಂದೆ ಕೂರುವ ಹುಡುಗ ಯಾರೆಂದು ವಿಚಾರಿಸಿಕೊಂಡು ಹಿಂದಿನ ದಿನವೇ ಅವನೊಂದಿಗೆ ನೇರವಾಗಿ ಮಾತನಾಡಿ. ಮಾಲೀಕನಿಗೆ ಹೇಳಿದ ಮಾತು ಅವನ ಕಿವಿಗೆ ತಲಪುವುದು ಅಪರೂಪ.